ಕಬ್ಬಿಣ ತಾಗದ ಹಾಲು

ಆ ದಿನ ಬೆಳಿಗ್ಗೆ ಬೀದರಿನ ನೌಬಾದಿನ ಮನೆಯಿಂದ ಹೊರಟ ಜುಲ್ಫೀಕಾರ, ಬೈಕಿನ ಬದಿಗೆ ಗೋಣಿತಾಟಿನಲ್ಲಿ ಸುತ್ತಿದ ಲಾರಿ ಜಾಕಿನ ಕಬ್ಬಿಣದ ರಾಡು ಕಟ್ಟಿಕೊಂಡಿದ್ದ. ಅದರಿಂದ ಅಮಿತಕುಮಾರನ ಬಲಗೈ ಮುರಿಯಬೇಕು, ಅಷ್ಟೇ ಅವನ ಕೆಲಸ. ತಲೆ ಬೇಡ, ಕಾಲು ಬೇಡ, ಪ್ರಾಣ ತೆಗೆಯುವ ಮಾತಂತೂ ಇಲ್ಲವೇ ಇಲ್ಲ. ಕೈ ಸಾಕು. ತಾಯಿ ವಜೀರಬೀ ಬಾಗಿಲಲ್ಲಿ ನಿಂತು ಅದನ್ನೇ ಇನ್ನೊಮ್ಮೆ ನೆನಪಿಸಿದಳು, ಸಂತೆಗೆ ಹೊರಟ ಮಗನಿಗೆ ಕೊತ್ತಂಬರಿ ಮರೀಬೇಡ ಅನ್ನುವ ಹಾಗೆ.

ಒಳಗೆ ಹೊರಸಿನ ಮೇಲೆ ತಮ್ಮ ನದೀಮ ಕೂತಿದ್ದ. ಅವನ ಬಲಗೈ ಮೊಳಕೈವರೆಗೂ ಪಟ್ಟಿಯಲ್ಲಿತ್ತು. ಆ ಬೆರಳುಗಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಣ್ಣ ಹೊರಡುವಾಗ ಅವನು ತಲೆ ಎತ್ತಲಿಲ್ಲ.

ಇಷ್ಟಕ್ಕೆಲ್ಲ ಮೂಲ ಪಪ್ಪಾಯಿ ಹಾಲು. ನೀವು ಮೂಗು ಮುರಿಯಬಹುದು, ಪಪ್ಪಾಯಿ ಹಾಲಿಗೆ ಯಾರಾದರೂ ಕೈ ಮುರಿದುಕೊಳ್ಳುತ್ತಾರಾ ಎಂದು. ಹೊಟ್ಟೆಪಾಡು ಅದರಲ್ಲೇ ಇದ್ದರೆ ಮುರಿದುಕೊಳ್ಳುತ್ತಾರೆ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿ ಇತ್ತು. ಕಬ್ಬಿನ ಕಾಕಂಬಿ ಹುದುಗಿಸುವ ಕಾರ್ಖಾನೆಗಳಿಗೆ ಈಸ್ಟು, ತೊಗಲು ಹದಮಾಡುವವರಿಗೆ, ಔಷಧಿ ಮಾಡುವವರಿಗೆ ಬೇಕಾದ ಕಿಣ್ವಗಳು, ಇವನ್ನೆಲ್ಲ ಎಲ್ಲೆಲ್ಲಿಂದಲೋ ಹುಡುಕಿ ತಂದು ಒದಗಿಸುವುದು ಅವರ ಧಂಧೆ. ಈಸ್ಟು ದೂರದಿಂದ ಚೀಲಗಳಲ್ಲಿ ಬರುತ್ತಿತ್ತು. ಒಂದು ಕಿಣ್ವ ಮಾತ್ರ ಇಲ್ಲಿಯ ಹೊಲಗಳಲ್ಲೇ ಸಿಗುತ್ತಿತ್ತು, ಬಲಿತ ಹಸಿ ಪಪ್ಪಾಯಿಯ ಹಾಲಿನಲ್ಲಿ. ಅದು ಮಾಂಸವನ್ನು ಕರಗಿಸುವ ಹಾಲು. ಬಿರಿಯಾನಿಯ ಮಾಂಸಕ್ಕೆ ಹಸಿ ಪಪ್ಪಾಯಿ ಅರೆದು ಹಚ್ಚುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಳಗಿನ ತಂಪಿನಲ್ಲಿ ಕಾಯಿಯ ಮೈಮೇಲೆ ತುಕ್ಕು ಹಿಡಿಯದ ಸ್ಟೀಲಿನ ಬ್ಲೇಡಿನಿಂದ ತೆಳ್ಳಗೆ ಗೀರಬೇಕು. ಗಿಡದ ಕಾಂಡಕ್ಕೆ ತಲೆಕೆಳಗಾದ ಕೊಡೆಯಂತೆ ಕಟ್ಟಿದ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಲು ತೊಟ್ಟಿಕ್ಕುತ್ತದೆ. ಕೈಗೆ ಎಷ್ಟೇ ಎಣ್ಣೆ ಸವರಿಕೊಂಡರೂ ಬೆರಳ ತುದಿಯ ಚರ್ಮ ಸವೆದು ನುಣ್ಣಗಾಗುತ್ತದೆ. ಜುಲ್ಫೀಕಾರನ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಮಷೀನು ಗುರುತಿಸುವುದನ್ನೇ ಬಿಟ್ಟಿತ್ತು. ಇನ್ನು ಕಬ್ಬಿಣ ತಾಗಿತೋ, ಹಾಲು ಕಪ್ಪಾಗಿ ಕೆಟ್ಟಿತು. ಅದಕ್ಕೇ ಹಾಲಿನ ಹೊಲಕ್ಕೆ ಕಾಲಿಡುವವರು ಕುಡಗೋಲು, ಚಾಕು, ಬೀಗದ ಕೈ ಎಲ್ಲವನ್ನೂ ಬದುವಿನ ಮೇಲೆ ಇಟ್ಟು ಒಳಗೆ ಹೋಗುತ್ತಾರೆ. ಇನ್ನೊಂದು ಕಟ್ಟಳೆಯೂ ಇದೆ. ಯಾರ ಬ್ಲೇಡು ಮೊದಲ ಗೀರು ಹಾಕಿತೋ, ಆ ಹಂಗಾಮಿನ ಹಾಲು ಅವರದು. ಇನ್ನೊಬ್ಬರು ಆ ಹೊಲದ ಕಡೆ ಕಣ್ಣೆತ್ತಿ ನೋಡುವಂತಿಲ್ಲ.

ಆ ಕಟ್ಟಳೆ ಮುರಿದ ಅಮಿತಕುಮಾರ ಯಾರೋ ಹೊರಗಿನವನಲ್ಲ, ಹೊಟ್ಟೆ ಉರಿಯುವುದೇ ಅದಕ್ಕೆ. ಭಾಲ್ಕಿ ತಾಲೂಕಿನ ಮೆಹಕರದ ಶಿವರಾಜಪ್ಪನ ಮಗ. ಆ ಮನೆಯ ಪಪ್ಪಾಯಿ ಹೊಲಕ್ಕೆ ಹಿಂದಿನಿಂದಲೂ ಗೀರು ಹಾಕಿದವನು ಜುಲ್ಫೀಕಾರ. ಮುದುಕ ಶಿವರಾಜಪ್ಪ ಲಿಂಗಪೂಜೆ ಮುಗಿಸಿ, ವಿಭೂತಿ ಹಣೆಯಲ್ಲೇ ಹೊಲಕ್ಕೆ ಬಂದು ಇವನ ಜೊತೆ ಚಹಾ ಕುಡಿಯುತ್ತಿದ್ದ. ಬ್ಲೇಡು ಎಷ್ಟು ಆಳ ಹೋಗಬೇಕು ಎಂದು ಅಮಿತನ ಕೈ ಹಿಡಿದು ಕಲಿಸಿದವನೂ ಜುಲ್ಫೀಕಾರನೇ. ಕಲಿತ ಮೇಲೆ ಅಮಿತ ಮೆಹಕರದ ಹಾಲನ್ನೆಲ್ಲ ತಾನೇ ಕೂಡಿಸಿ ಕೊಳಾರಕ್ಕೆ ಒಯ್ಯತೊಡಗಿದ. ಹೋಗಲಿ, ಅವನ ಊರು, ಅವನ ಹೊಲ ಎಂದು ಜುಲ್ಫೀಕಾರ ಹಲ್ಲು ಕಚ್ಚಿ ಸುಮ್ಮನಾದ.

ಆದರೆ ಔರಾದ ಕಡೆಯ ಒಂದು ಹೊಲಕ್ಕೆ ನದೀಮ ಮೊದಲ ಗೀರು ಹಾಕಿ ಬಂದಿದ್ದ. ಮರುದಿನ ಹೋದರೆ ಅಮಿತ ಆಳುಗಳನ್ನು ಕಟ್ಟಿಕೊಂಡು ಬಂದು ಅದೇ ಗಿಡಗಳಿಗೆ ತನ್ನ ಹಾಳೆ ಕಟ್ಟುತ್ತಿದ್ದ. ನದೀಮ ಬೈದ, ತಳ್ಳಿದ, ಹಾಳೆ ಹರಿದು ಹಾಕಿದ. ಆಗ ಅಮಿತನಿಗೆ ಯಾವ ದೆವ್ವ ಮೆಟ್ಟಿತೋ ಏನೋ. ಆಳುಗಳು ನದೀಮನನ್ನು ಕೆಡವಿ ಅಮುಕಿ ಹಿಡಿದರು. ಅಮಿತ ಅವನ ಬಲಗೈಯನ್ನು ಹಾಸುಗಲ್ಲಿನ ಮೇಲೆ ಒತ್ತಿ, ಇನ್ನೊಂದು ಕಲ್ಲೆತ್ತಿಕೊಂಡು ಶುಂಠಿ ಜಜ್ಜಿದ ಹಾಗೆ ಜಜ್ಜಿದ. ನದೀಮ ಕೂಗುವುದನ್ನು ನಿಲ್ಲಿಸಿದ ಮೇಲೂ ಜಜ್ಜಿದ.

ಹಿರಿಯರು ಕೂತು ಮಾತಾಡೋಣ ಎಂದರು. ವಜೀರಬೀ ಕೇಳಲಿಲ್ಲ. ದವಾಖಾನೆಯ ಖರ್ಚೂ ಬೇಡ, ಕೇಸೂ ಬೇಡ, ಅವನ ಬಲಗೈ ತಂದುಕೊಡಿ ಎಂದಳು. ಗಂಡ ಸತ್ತ ಮೇಲೆ ಒಬ್ಬಳೇ ಎರಡು ಗಂಡುಮಕ್ಕಳನ್ನು ಸಾಕಿದ ಹೆಂಗಸು, ಅವಳ ಮಾತಿಗೆ ಆ ಮನೆಯಲ್ಲಿ ಎದುರಿಲ್ಲ.

ಜುಲ್ಫೀಕಾರ ಮೆಹಕರ ಮುಟ್ಟಿದಾಗ ಗೀರುವ ಕೆಲಸ ಭರಾಟೆಯಲ್ಲಿತ್ತು. ಗಿಡಗಳ ಸಾಲಿನಲ್ಲಿ ಹಾಳೆಗಳು ಬೆಳ್ಳಗೆ ತುಂಬುತ್ತಿದ್ದವು. ಬೇವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಅಮಿತನ ಕೂಸು ಮಲಗಿತ್ತು. ಆಳುಗಳಿಗೆ ರೊಟ್ಟಿ ತಂದಿದ್ದ ಅವನ ಹೆಂಡತಿ ಬಸವೇಶ್ವರಿ ಜೋಳಿಗೆ ತೂಗುತ್ತಿದ್ದಳು. ಜುಲ್ಫೀಕಾರ ಬದುವಿನ ಮೇಲೆ ನಿಲ್ಲಲಿಲ್ಲ. ರಾಡು ಹಿಡಿದುಕೊಂಡೇ ಹೊಲದೊಳಗೆ ನುಗ್ಗಿದ. ಅದನ್ನು ಕಂಡು ಶಿವರಾಜಪ್ಪ ಮೊದಲು ಕೂಗಿದ್ದು ಮಗನ ಹೆಸರನ್ನಲ್ಲ, ಹೊಲದಾಗ ಕಬ್ಬಿಣ ತಂದಾನ ಎಂದು.

ಅಮಿತ ತಿರುಗುವಷ್ಟರಲ್ಲಿ ಮೊದಲ ಏಟು ಅವನ ಭುಜಕ್ಕೆ ಬಿತ್ತು. ಎರಡನೆಯದು ತಪ್ಪಿ ಕಾಯಿಯೊಂದನ್ನು ಒಡೆಯಿತು. ಅಮಿತ ಬಿದ್ದ. ಜುಲ್ಫೀಕಾರ ಅವನ ಬಲ ಮುಂಗೈಯನ್ನು ಮೆಟ್ಟಿ ನಿಂತ, ರಾಡು ಎತ್ತಿದ. ಎಂಥ ಸಮಾಧಾನ ಆ ಗಳಿಗೆಯಲ್ಲಿ. ತಮ್ಮನ ಕೂಗು ಕಿವಿಯಿಂದ ಇಳಿದುಹೋಗುತ್ತದೆ ಅಂದುಕೊಂಡ. ಅಷ್ಟರಲ್ಲಿ ಅಮಿತನ ಎಡಗೈ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಬೋಗುಣಿಯನ್ನು ಎತ್ತಿ ಎಸೆಯಿತು. ಆಗಷ್ಟೇ ಕೂಡಿಸಿದ ಹಸಿ ಹಾಲೆಲ್ಲ ಜುಲ್ಫೀಕಾರನ ಮುಖಕ್ಕೆ ಅಪ್ಪಳಿಸಿತು.

ಖಾರದ ಪುಡಿ ಇದರ ಮುಂದೆ ಏನೂ ಅಲ್ಲ. ಎರಡೂ ಕಣ್ಣಲ್ಲಿ ಕೆಂಡ ತುರುಕಿದಂತಾಯಿತು. ರಾಡು ಬಿಟ್ಟು ಮುಖ ಹಿಡಿದುಕೊಂಡು ಅವನು ಮಣ್ಣಲ್ಲಿ ಹೊರಳಾಡಿದ. ಅಮಿತ ಎದ್ದವನೇ ಸಲಿಕೆಯ ಕಾವಿನಿಂದ ಬೆನ್ನು, ಪಕ್ಕೆ ಎನ್ನದೆ ಬಾರಿಸತೊಡಗಿದ. ಪಕ್ಕೆಲುಬು ಲಟಕ್ಕೆಂದದ್ದು ಜುಲ್ಫೀಕಾರನಿಗೆ ಕೇಳಿಸಿತು. ಅದರ ನೋವು ಹತ್ತಲಿಲ್ಲ, ಕಣ್ಣಿನ ಉರಿಯ ಮುಂದೆ ಇನ್ನಾವ ನೋವೂ ಇರಲಿಲ್ಲ. ಇಷ್ಟು ದಿನ ಈ ಹಾಲು ತನ್ನ ಬೆರಳ ಚರ್ಮ ತಿಂದದ್ದನ್ನು ನೋಡಿದವನಿಗೆ ಈಗ ಅದು ಏನು ತಿನ್ನುತ್ತಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲಾ, ಕಣ್ಣು ಹೋಯಿತು ಎಂದು ಗಂಡಸು ಗೋಳೋ ಎಂದು ಅತ್ತ.

ನೀರು ಬೇಕಿತ್ತು. ಕೊಡ ಹೊಡೆದಾಟದಲ್ಲಿ ಉರುಳಿತ್ತು. ಬೋರಿನ ನೀರು ಎತ್ತಲು ಕರೆಂಟು ಇರಲಿಲ್ಲ. ಶಿವರಾಜಪ್ಪ ಖಾಲಿ ಕೊಡ ಹಿಡಿದು ಆಚೆ ಹೊಲದ ಬಾವಿಗೆ ಏದುಸಿರು ಬಿಡುತ್ತ ಓಡಿದ. ಆಗ ಬಂದವಳು ಬಸವೇಶ್ವರಿ. ಗಂಡನ ಎದೆಗೆ ಕೈಯಿಟ್ಟು ನೂಕಿದಳು, ಅವನು ಮತ್ತೆ ಕಾವು ಎತ್ತಿದಾಗ ಅವನ ಕೈಯನ್ನು ಕಚ್ಚಿದಳು. ನೆಲದ ಮೇಲೆ ಕೂತು ಜುಲ್ಫೀಕಾರನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೂಸಿನ ಕಣ್ಣು ಕೆಂಪಾದರೆ ತವರಿನಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದಳು. ಸೆರಗು ಮರೆಮಾಡಿಕೊಂಡು ಮೊಲೆಹಾಲು ಹಿಂಡಿ ಅವನ ಕಣ್ಣಿಗೆ ಬಿಟ್ಟಳು.

"ಕಣ್ ತೆರೀರಿ ಅಣ್ಣಾ. ತೆರೀರಿ ಅಂದೆ."

ಅವನು ತೆರೆದ. ಬೆಚ್ಚಗಿನ ಹಾಲು ಕಣ್ಣು ತುಂಬಿ, ಉರಿಯನ್ನು ತೊಳೆಯುತ್ತ ಕೆನ್ನೆಯ ಮೇಲೆ ಹರಿಯಿತು. ಅವಳು ಮತ್ತೆ ಹಿಂಡಿದಳು, ಒಂದು ಕಣ್ಣಿಗೆ, ಇನ್ನೊಂದಕ್ಕೆ. ಜೋಳಿಗೆಯಲ್ಲಿ ಕೂಸು ಎದ್ದು ಹಸಿದು ಅಳುತ್ತಿತ್ತು. ಕೆನ್ನೆಯಿಂದ ಇಳಿದ ಹಾಲು ಬಾಯಿಗೂ ಬಂತು. ಒಣಗಿದ ಗಂಟಲಿನವನು ನುಂಗಿಬಿಟ್ಟ. ಅದು ಸಿಹಿಯಾಗಿತ್ತು.

ಶಿವರಾಜಪ್ಪ ನೀರು ತಂದು ತೊಳೆದು, ತನ್ನ ಜೀಪಿನಲ್ಲೇ ಅವನನ್ನು ಭಾಲ್ಕಿಯ ದವಾಖಾನೆಗೆ ಒಯ್ದ. ಕಣ್ಣು ಉಳಿದವು, ಎಡಗಣ್ಣಲ್ಲಿ ಮಾತ್ರ ಒಂದು ಮಬ್ಬು ನಿಂತಿತು. ಬೇಗ ತೊಳೆದದ್ದೇ ಪುಣ್ಯ ಎಂದರು ಡಾಕ್ಟರು. ಮುದುಕ ಹೋಗುವ ಮುಂಚೆ ರಾಡನ್ನು ಮಂಚದ ಕೆಳಗೆ ಇಟ್ಟು, ಇದು ನನ್ನ ಹೊಲದಾಗ ಬ್ಯಾಡಪ್ಪ ಎಂದ. ಜುಲ್ಫೀಕಾರ ತಲೆಯಾಡಿಸಿದ, ಆಮೇಲೆ ಅದನ್ನು ಮೊದಲಿನ ಹಾಗೆ ಬೈಕಿನ ಬದಿಗೇ ಕಟ್ಟಿಕೊಂಡ.

ಮನೆಗೆ ಬಂದಾಗ ವಜೀರಬೀ ಕೇಳಿದ್ದು ಒಂದೇ ಮಾತು, ಮುರಿದೆಯಾ ಎಂದು. ಅವರ ಮನೆಮಾತು ದಖನಿ, ಆದರೂ ಕೋಪ ಬಂದಾಗ ತಾಯಿ ಮಕ್ಕಳು ಕನ್ನಡಕ್ಕೇ ಇಳಿಯುತ್ತಿದ್ದರು. ಜುಲ್ಫೀಕಾರ ನಡೆದದ್ದನ್ನೆಲ್ಲ ಹೇಳಿದ. ತಾನು ಆ ಹೆಣ್ಣುಮಗಳ ಹಾಲು ಕುಡಿದಿದ್ದೇನೆ, ನಮ್ಮಲ್ಲಿ ಹಾಲು ಕೊಟ್ಟವಳು ಹೆತ್ತವಳ ಸಮ, ಅವಳೀಗ ತನಗೆ ಹಾಲಿನ ತಾಯಿ, ಅವಳ ಗಂಡನ ಮೇಲೆ ಇನ್ನು ಈ ಮನೆಯ ಯಾರ ಕೈಯೂ ಏಳಕೂಡದು ಎಂದ. ವಜೀರಬೀ ಅವನ ಕಪಾಳಕ್ಕೆ ಬಿಗಿದಳು.

ನಗು ಬರುವ ಮಾತೇ ಬಿಡಿ. ಹಾಲಿನ ತಾಯಿಯ ಗಂಡ ಹಾಲಿನ ತಂದೆ. ಗಡ್ಡದಲ್ಲಿ ಬಿಳಿ ಕೂದಲು ಕಂಡ ಗಂಡಸಿಗೆ ಮೀಸೆ ಚಿಗುರಿದ ಕಾಲದಿಂದ ತಾನೇ ಕೆಲಸ ಕಲಿಸಿದ ಹುಡುಗ ಅಪ್ಪನಾದ. ನದೀಮ ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ ನಕ್ಕ. "ಮುಬಾರಕ್ ಭಾಯಿ. ನನ್ನ ಕೈ ಹೋಯ್ತು, ನಿನಗ ಅಬ್ಬಾ ಸಿಕ್ಕ" ಎಂದ. 

ಆದರೆ ಅವನು ಪಟ್ಟು ಬಿಡಲಿಲ್ಲ, ಅದಕ್ಕೂ ಕಾರಣವಿತ್ತು. ಪಕ್ಕದ ಮನೆಯ ನಾಜಿಯಾಳನ್ನು ಅವನು ಒಂದು ಕಾಲದಲ್ಲಿ ಪ್ರಾಣದ ಹಾಗೆ ಬಯಸಿದ್ದ. ಅವಳೂ ಒಪ್ಪಿದ್ದಳು. ಮಾತು ಮುಂದುವರಿದಾಗ ವಜೀರಬೀ ಅಡ್ಡ ನಿಂತಳು. ನಾಜಿಯಾ ಎಳೆಗೂಸಾಗಿದ್ದಾಗ ಅವಳ ತಾಯಿಗೆ ಕಾಯಿಲೆಯಾಗಿ ವಜೀರಬೀಯೇ ಹಾಲು ಕೊಟ್ಟಿದ್ದಳು. ಹಾಲು ಹಂಚಿಕೊಂಡವರು ಅಣ್ಣ ತಂಗಿ, ನಿಕಾ ಸಲ್ಲದು ಎಂದಳು. ನಾಜಿಯಾಳನ್ನು ಬೇರೆಯವರಿಗೆ ಕೊಟ್ಟರು. ಜುಲ್ಫೀಕಾರ ಮದುವೆಯನ್ನೇ ಆಗಲಿಲ್ಲ.

ಕಪಾಳದ ಮೇಲೆ ತಾಯಿಯ ಬೆರಳು ಮೂಡಿದ್ದಂತೆಯೇ ಅವನು ಕೇಳಿದ:

"ನಾಜಿಯಾಗ ನೀ ಹಾಲು ಕುಡಿಸಿದಿ ಅಂತ ನನ್ನ ಮದಿವಿ ಮುರದಿ. ಆವಾಗ ಹಾಲು ಹಾಲಿತ್ತು. ಈಗ ನೀರಾಯ್ತೇನು ಅಮ್ಮಾ?"

 ನದೀಮ ಎದ್ದು ಹೊರಗೆ ಹೋದ. ನೋಡಿ, ಮಸೀದಿ ಆ ಮನೆಯಿಂದ ಕೂಗಳತೆಯಲ್ಲಿತ್ತು. ಮಕ್ಕಳಿಗೆ ಕುರಾನು ಹೇಳಿಕೊಡುವ ಉಸ್ಮಾನ ಮಿಯಾ ದಿನವೂ ಅವರ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದ. ಇದು ಹೀಗೋ ಹಾಗೋ ಎಂದು ಅವನನ್ನು ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಯಾರೂ ಕೇಳಲಿಲ್ಲ. ಜುಲ್ಫೀಕಾರನಿಗೆ ಕೇಳುವ ಅಗತ್ಯವೇ ಕಾಣಲಿಲ್ಲ, ಹಾಲಿನ ಋಣ ಏನೆಂಬುದನ್ನು ಅವನು ಹರೆಯ ಸುಟ್ಟುಕೊಂಡು ಕಲಿತಿದ್ದ. ನಾಜಿಯಾಳ ವಿಷಯದಲ್ಲಿ ನೀನೇ ತಪ್ಪಿದ್ದೆ ಎಂದು ಅವನು ಅಂದುಬಿಟ್ಟರೆ ಎಂದು ವಜೀರಬೀ ಕೇಳಲು ಹೆದರಿದಳು.

ನದೀಮ ಹಿತ್ತಲಲ್ಲಿ ಎಡಗೈಯಿಂದ ಬ್ಲೇಡು ಹಿಡಿಯುವುದನ್ನು ರೂಢಿ ಮಾಡತೊಡಗಿದ. ಬಿದಿರಿನ ಕಾವಿಗೆ ಬ್ಲೇಡು ಕಟ್ಟಿ, ಗೋಡೆಗೆ ಒರಗಿಸಿದ ಹಸಿ ಕಾಯಿಯನ್ನು ಗೀರುತ್ತಿದ್ದ. ಮೊದಮೊದಲು ಗೀರು ಸೊಟ್ಟ ಹೋಗುತ್ತಿತ್ತು. ಬರಬರುತ್ತ ಗೀರು ನೇರವಾಯಿತು. ಪಾಪ, ಮತ್ತೆ ಕೆಲಸಕ್ಕೆ ಇಳಿಯಬೇಕೆಂದು ಹುಡುಗ ಎಷ್ಟು ಕಷ್ಟಪಡುತ್ತಾನೆ ಎಂದು ಜುಲ್ಫೀಕಾರ ಖುಷಿಪಟ್ಟ. ಬಲಗೈ ಹೋದರೇನು, ಎಡಗೈ ಇದೆಯಲ್ಲ, ಅದರಲ್ಲೇ ಇವನು ಅನ್ನ ದುಡಿಯುತ್ತಾನೆ ಎಂದು ತಾಯಿಗೂ ಹೇಳಿದ. ಗೀರು ದಿನದಿನಕ್ಕೆ ಆಳವಾಗುತ್ತಿದ್ದುದನ್ನು ಮಾತ್ರ ಅವನು ನೋಡಲಿಲ್ಲ. ಹಾಲಿಗೆ ಅಷ್ಟು ಆಳ ಬೇಕಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಕೊಳಾರದ ಕಂಪನಿ ಒಣಗಿಸಿದ ಹಾಲು ತೆಗೆದುಕೊಳ್ಳುವ ದಿನ ಎಲ್ಲರೂ ಗೇಟಿನ ಮುಂದೆ ಸಾಲು ನಿಲ್ಲುತ್ತಿದ್ದರು. ಸುಡುವ ಮಧ್ಯಾಹ್ನ. ಈಸ್ಟಿನ ಚೀಲ ಇಳಿಸುತ್ತಿದ್ದ ಲಾರಿಯಿಂದ ಹುಳಿ ವಾಸನೆ ಬರುತ್ತಿತ್ತು. ಅಮಿತಕುಮಾರ ತನ್ನ ಡಬ್ಬಿಗಳನ್ನು ಇಟ್ಟುಕೊಂಡು ನಿಂತಿದ್ದ. ಜುಲ್ಫೀಕಾರ ಅವನಿಂದ ದೂರ ಬೈಕು ನಿಲ್ಲಿಸಿದ.  ಜುಲ್ಫೀಕಾರನಿಗೆ ಅವನನ್ನು ಕಂಡರೆ ಈಗಲೂ ಮೈ ಉರಿಯುತ್ತಿತ್ತು, ಋಣ ಇದ್ದ ಮಾತ್ರಕ್ಕೆ ಪ್ರೀತಿ ಹುಟ್ಟುವುದಿಲ್ಲ. ಆದರೂ ತಡೆಯಲಾರದೆ ಕೂಸು ಹೇಗಿದೆ ಎಂದು ಕೇಳಿದ. ಆರಾಮ ಅದ ಎಂದು ಅಮಿತ ಅನುಮಾನದಿಂದಲೇ ಹೇಳಿದ.

ಆಗ ಒಂದು ಆಟೊ ಬಂದು ನಿಂತಿತು. ನದೀಮ ಇಳಿದ. ಬಿದಿರಿನ ಕಾವನ್ನು ಗಿಡ್ಡ ಮಾಡಿ, ಹಳೆಯ ಪಟ್ಟಿಯ ಬಟ್ಟೆಯಿಂದ ಎಡಗೈಗೆ ಬಿಗಿದುಕೊಂಡಿದ್ದ. ತುದಿಯಲ್ಲಿ ಬ್ಲೇಡು ಹೊಳೆಯಿತು. ಅವನಿಗೆ ಈಗ ಕೈ ಬೇಕಿರಲಿಲ್ಲ, ಕುತ್ತಿಗೆ ಬೇಕಿತ್ತು. ಮೊದಲ ಬೀಸಿಗೆ ಅಮಿತನ ಕೆನ್ನೆ ಕಿವಿಯಿಂದ ಗದ್ದದವರೆಗೂ ಬಿರಿಯಿತು. ಡಬ್ಬಿಗಳು ಉರುಳಿ ಹಾಲಿನ ಪುಡಿ ಚೆಲ್ಲಿತು, ಅದರ ಮೇಲೆ ರಕ್ತ ಸುರಿಯಿತು. ಸಾಲಿನಲ್ಲಿದ್ದವರು ದಿಕ್ಕಾಪಾಲಾಗಿ ಓಡಿದರು. ಜಾರಿಬಿದ್ದ ಅಮಿತನ ಎದೆಯ ಮೇಲೆ ನದೀಮ ಮೊಣಕಾಲೂರಿದ.

ಜುಲ್ಫೀಕಾರ ಬೈಕಿನ ಬದಿಯಿಂದ ರಾಡು ಎಳೆದುಕೊಂಡದ್ದು ಅವನಿಗೇ ಗೊತ್ತಾಗಲಿಲ್ಲ. ಬೇಡವೋ ನದೀಮ ಎಂದು ಕೂಗಿದ. ನದೀಮ ತಿರುಗಿ ನೋಡಿದ, ನೋಡುತ್ತಲೇ ಎಡಗೈ ಎತ್ತಿದ. ಆ ಕೈ ಇಳಿದರೆ ಬಸವೇಶ್ವರಿಯ ಕುಂಕುಮ ಹೋಯಿತು. ಜುಲ್ಫೀಕಾರ ರಾಡು ಬೀಸಿದ. ಎಲುಬು ಮುರಿದ ಸದ್ದು ಲಾರಿಯ ಹತ್ತಿರ ನಿಂತ ಹಮಾಲರಿಗೂ ಕೇಳಿಸಿತು. ನದೀಮನ ಎಡ ಮುಂಗೈ, ಬ್ಲೇಡು ಕಟ್ಟಿದ್ದಂತೆಯೇ, ಬೇರೆ ದಿಕ್ಕಿಗೆ ಜೋತುಬಿತ್ತು.

ನದೀಮ ಕೂಗಲಿಲ್ಲ. ಅಣ್ಣನ ಮುಖವನ್ನೇ ನೋಡಿದ. ಅಮಿತ ಕೆನ್ನೆ ಒತ್ತಿಹಿಡಿದು ತೆವಳಿ ಎದ್ದು, ಇದನ್ಯಾಕ ಮಾಡ್ದಿ ಜುಲ್ಫೀ, ತಮ್ಮಗ ಯಾಕ ಹೊಡದಿ ಎಂದು ತೊದಲಿದ.

"ನಿನ್ನ ಸಲುವಾಗಿ ಅಲ್ಲ" ಎಂದ ಜುಲ್ಫೀಕಾರ. "ಮನಿಗಿ ಹೋಗು. ಆಕಿಗಿ ಹೇಳು, ಆಕಿ ಹಾಲು ತೀರಿಸೀನಿ ಅಂತ."

ಅಮಿತನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ರಾಡನ್ನು ಅಲ್ಲೇ ಬಿಸಾಡಿ, ತಮ್ಮನನ್ನು ಎತ್ತಿಕೊಂಡು ಜುಲ್ಫೀಕಾರ ಅದೇ ಆಟೊ ಹತ್ತಿದ.

ವಜೀರಬೀ ಆಮೇಲೆ ಮಸೀದಿಗೆ ಹೋದಳು. ಕೇಳಬೇಕಾದ್ದನ್ನು ಎಲ್ಲ ಮುಗಿದ ಮೇಲೆ ಕೇಳಿದಳು. ಉಸ್ಮಾನ ಮಿಯಾ ಅವಳ ಜೊತೆಯಲ್ಲೇ ಮನೆಗೆ ಬಂದ. ಹೊರಸಿನ ಮೇಲೆ ಎರಡೂ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತ ನದೀಮನನ್ನು ನೋಡಿ, ಮುದುಕ ಅವನ ತಲೆ ಸವರಿದ. ಆಮೇಲೆ ಜುಲ್ಫೀಕಾರನ ಕಡೆ ತಿರುಗಿ ನಿಧಾನವಾಗಿ ಹೇಳಿದ. ಹಾಲಿನ ಸಂಬಂಧ ಎದೆಹಾಲು ಕುಡಿಯುವ ವಯಸ್ಸಿನ ಕೂಸಿಗೆ ಮಾತ್ರ. ನಾಜಿಯಾಳದು ನಿಜಕ್ಕೂ ಹಾಲಿನ ಸಂಬಂಧವೇ ಆಗಿತ್ತು. ಬೆಳೆದ ಗಂಡಸಿನ ಕಣ್ಣಿಗೆ ಬಿದ್ದದ್ದು, ಬಾಯಿಗೆ ಇಳಿದದ್ದು ಔಷಧಿ, ಅಷ್ಟೇ. ಆ ಹೆಣ್ಣುಮಗಳು ನಿನಗೆ ತಾಯಿಯೂ ಅಲ್ಲ, ಅವಳ ಗಂಡ ತಂದೆಯೂ ಅಲ್ಲ. ಅಲ್ಲಾ ಅವಳಿಗೆ ಒಳ್ಳೆಯದು ಮಾಡಲಿ. ನೀನು ಮೊದಲೇ ಒಂದು ಮಾತು ಕೇಳಬಾರದಿತ್ತೇ ಬೇಟಾ?

ಜುಲ್ಫೀಕಾರ ಗೋಡೆ ಹಿಡಿದು ಕೂತ. ವಜೀರಬೀ ಒಲೆಯ ಮುಂದೆ ಹೋಗಿ ರೊಟ್ಟಿ ಬಡಿದು, ದಾಲ್ಚಾ ಬಿಸಿ ಮಾಡಿ, ತಟ್ಟೆ ತಂದು ಜುಲ್ಫೀಕಾರನ ಮುಂದೆ ಇಟ್ಟಳು. ಒಂದೇ ತಟ್ಟೆ. ಅದು ಯಾರಿಗೆ ಎಂದು ಅವಳು ಹೇಳಲಿಲ್ಲ.

ಅವನು ತಟ್ಟೆ ಹಿಡಿದು ಹೊರಸಿನ ಹತ್ತಿರ ಹೋದ. ರೊಟ್ಟಿ ಮುರಿದು, ದಾಲ್ಚಾದಲ್ಲಿ ಅದ್ದಿ, ತಮ್ಮನ ಬಾಯಿಗೆ ಹಿಡಿದ. ನದೀಮ ಮುಖ ತಿರುಗಿಸಿದ. ಜುಲ್ಫೀಕಾರ ಕೈ ಹಿಂದೆ ತೆಗೆಯಲಿಲ್ಲ. ರೊಟ್ಟಿಯಿಂದ ದಾಲ್ಚಾ ಹೊರಸಿನ ಮೇಲೆ ತೊಟ್ಟಿಕ್ಕಿತು. ಬಹಳ ಹೊತ್ತಿನ ಮೇಲೆ ಹಸಿವೆಯೇ ಗೆದ್ದಿತೋ ಏನೋ, ನದೀಮ ಇತ್ತ ತಿರುಗಿ ಬಾಯಿ ತೆರೆದ. ತುತ್ತು ಒಳಗೆ ಹೋಯಿತು, ಬೆರಳೂ ಹೋಯಿತು, ಬಾಯಿ ಮುಚ್ಚಿತು.

ಅವನು ಕಚ್ಚಿದ. ಪಪ್ಪಾಯಿ ಹಾಲು ತಿಂದು ತೆಳ್ಳಗಾದ ಚರ್ಮ ತಡೆಯಲಿಲ್ಲ, ಹಲ್ಲು ಎಲುಬಿಗೆ ಹೋಗಿ ನಿಂತಿತು. ರಕ್ತ ನದೀಮನ ಗದ್ದದ ಮೇಲೆ ಇಳಿಯಿತು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ದವಡೆ ಬಿಡಲಿಲ್ಲ. ಜುಲ್ಫೀಕಾರನ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಅವನು ಕೈ ಎಳೆಯಲಿಲ್ಲ, ಹಾ ಎನ್ನಲಿಲ್ಲ, ಬಲಗೈಯನ್ನು ಹಾಗೇ ತಮ್ಮನಿಗೆ ಕೊಟ್ಟು ಕೂತ.

ಕೊನೆಗೆ ನದೀಮ ಬಾಯಿ ಸಡಿಲ ಮಾಡಿದ. ತುತ್ತನ್ನು ಅಗಿದು ನುಂಗಿದ. ಆಮೇಲೆ ಮತ್ತೆ ಬಾಯಿ ತೆರೆದ. ಜುಲ್ಫೀಕಾರ ಇನ್ನೊಂದು ತುಂಡು ರೊಟ್ಟಿ ಮುರಿದು ಅದೇ ಕೈಯಿಂದ ಹಿಡಿದ.